ದಿಕ್ಕು ತಪ್ಪಿದ ಡ್ರೋನೂ ಸಿಲ್ವರ್ ಓಕಿನ ನೆರಳೂ

ಮಲೆನಾಡಿನ ಹಳ್ಳಿಯೊಂದರಲ್ಲಿ ದಾರಿ ಕೇಳಿ ನೋಡಿ. "ಉತ್ತರಕ್ಕೆ ಹೋಗಿ" ಎಂದು ಹೇಳುವವರು ಯಾರೂ ಸಿಗಲಾರರು. "ಹಳ್ಳ ದಾಟಿ ಮೇಲ್ಗಡೆ ತೋಟ", "ಗದ್ದೆ ಬದುವಿನ ಮೇಲೆ ಕೆಳಗಡೆ ಹೋಗಿ", "ಆ ಗುಡ್ಡದ ಹಿಂಬದಿಗೆ" ಎಂಬಂತಹ ಉತ್ತರಗಳೇ ಬರುತ್ತವೆ. ದಿಕ್ಕನ್ನು ಹೇಳಲೇಬೇಕಾದ ಸಂದರ್ಭದಲ್ಲಿ ಹಿರಿಯರು ಮೂಡು, ಪಡು, ಬಡಗು, ತೆಂಕು ಎಂಬ ಅಚ್ಚಗನ್ನಡದ ಮಾತುಗಳನ್ನು ಬಳಸುತ್ತಿದ್ದರು. ಈಗ ಅವೂ ಮರೆಯಾಗುತ್ತಿವೆ. ಏರಿಳಿತದ ನಾಡಿನಲ್ಲಿ ಇಳಿಜಾರೇ ದಿಕ್ಕು, ಹರಿಯುವ ನೀರೇ ದಿಕ್ಸೂಚಿ. ಬಯಲು ಸೀಮೆಯಿಂದ ಬಂದು ಈ ಭಾಗದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸಲಾರಂಭಿಸಿದಾಗ ಭೂಪಟವನ್ನು ಗೋಡೆಗೆ ತೂಗುಹಾಕಿ "ಮೇಲೆ ಉತ್ತರ, ಕೆಳಗೆ ದಕ್ಷಿಣ" ಎಂದರೆ ಮಕ್ಕಳು ನಗುತ್ತಿದ್ದರು. ಅವರ ಮನೆಯ ಮೇಲ್ಗಡೆ ಇದ್ದದ್ದು ಉತ್ತರವಲ್ಲ, ಗುಡ್ಡ!

ಹೆಗ್ಗದ್ದೆ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಹಿರಿದಾದ ಗದ್ದೆ ಎಂದರ್ಥ. ಸಕಲೇಶಪುರದ ಘಟ್ಟದಂಚಿನ ಸೀಮೆಯಲ್ಲಿ ಇಂತಹ ಹೆಸರಿಗೆ ಬೆಲೆಯಿದೆ, ಏಕೆಂದರೆ ಎರಡು ಗುಡ್ಡಗಳ ನಡುವೆ ಸ್ವಲ್ಪ ಸಮತಟ್ಟಾದ ನೆಲ ದೊರಕುವುದೇ ಇಲ್ಲಿ ಭಾಗ್ಯ. ಗದ್ದೆಯಲ್ಲಿ ನಿಂತು ಕತ್ತೆತ್ತಿದರೆ ಪೂರ್ತಿ ಆಕಾಶ ಕಾಣುವುದಿಲ್ಲ, ಗುಡ್ಡದ ನೆತ್ತಿಗಳ ನಡುವೆ ಹಾಸಿದ ಒಂದು ಪಟ್ಟಿ ಆಕಾಶ ಮಾತ್ರ ಕಾಣುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂತಹ ನಾಡಿಗೆ ಡ್ರೋನ್ ಬಂದಿತು. ನಮ್ಮ ಹಳ್ಳಿಗರಲ್ಲಿ ಅನೇಕರು ಅದನ್ನು ಮೊದಲು ಕಂಡದ್ದು ಸ್ವಾಮಿತ್ವ ಯೋಜನೆಯ ಸಮೀಕ್ಷೆಯಲ್ಲಿ. 2020ರ ಏಪ್ರಿಲಿನಲ್ಲಿ ಆರಂಭವಾದ ಆ ಯೋಜನೆಯ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮನೆ, ಹಿತ್ತಿಲುಗಳ ಎಲ್ಲೆಗೆ ಸುಣ್ಣದ ಗೆರೆ ಎಳೆದು, ಮೇಲಿನಿಂದ ಚಿತ್ರ ತೆಗೆದು ನಕ್ಷೆ ಮಾಡುವ ಕೆಲಸವದು. ಆಮೇಲೆ ಮದುವೆಮನೆಯ ಛಾಯಾಗ್ರಾಹಕರು ತಂದರು. ಆಮೇಲೆ ತೋಟದವರು. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಮಂಜರಾಬಾದ್ ಕೋಟೆಯ ಮೆಟ್ಟಿಲುಗಳನ್ನು ವರ್ಷಕ್ಕೊಮ್ಮೆ ಮಕ್ಕಳೊಡನೆ ಹತ್ತಿದವನು ನಾನು. ಅದು ಎಂಟು ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ ಎಂದು ಪ್ರತಿ ಸಲವೂ ಪಾಠ ಒಪ್ಪಿಸುತ್ತಿದ್ದೆ. ಆದರೆ ಆ ನಕ್ಷತ್ರವನ್ನು ಕಣ್ಣಾರೆ ಕಂಡದ್ದು ಡ್ರೋನಿನ ಚಿತ್ರದಲ್ಲಿಯೇ. ಗೋಡೆಯ ಮೇಲೆ ನಿಂತವನಿಗೆ ಗೋಡೆ ಮಾತ್ರ ಕಾಣುತ್ತದೆ ನೋಡಿ.

ಈ ಯಂತ್ರ ಗಾಳಿಯಲ್ಲಿ ನಿಶ್ಚಲವಾಗಿ ನಿಲ್ಲುವುದನ್ನು ನೋಡಿದಾಗ ಅದು ಬಹಳ ಸರಳವಾದ ಕೆಲಸವೆಂದು ತೋರುತ್ತದೆ. ವಾಸ್ತವದಲ್ಲಿ ಅದು ಕ್ಷಣಕ್ಷಣಕ್ಕೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಿರುತ್ತದೆ: "ನಾನು ಎಲ್ಲಿದ್ದೇನೆ?" ಮತ್ತು "ನನ್ನ ಮೂಗು ಎತ್ತ ಇದೆ?" ಇವೆರಡೂ ಒಂದೇ ಪ್ರಶ್ನೆಯೆಂದು ಬಹುಪಾಲು ಜನ ಭಾವಿಸುತ್ತಾರೆ. ಅಲ್ಲ. ಮೊದಲನೆಯದಕ್ಕೆ ಉತ್ತರ ಕೊಡುವುದು ಜಿಪಿಎಸ್. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಉಪಗ್ರಹಗಳು ತಮ್ಮ ಪರಮಾಣು ಗಡಿಯಾರದ ಸಮಯವನ್ನು ಸಾರುತ್ತಲೇ ಇರುತ್ತವೆ. ಆ ಸಂಕೇತಗಳು ಬಂದು ಮುಟ್ಟಿದ ಕಾಲದ ವ್ಯತ್ಯಾಸದಿಂದ, ಕನಿಷ್ಠ ನಾಲ್ಕು ಉಪಗ್ರಹಗಳು ಕಂಡರೆ, ಯಂತ್ರ ತನ್ನ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಆದರೆ ಒಂದೇ ಕಡೆ ನಿಂತಿರುವ ವಸ್ತುವಿನ ಮುಖ ಯಾವ ಕಡೆಗಿದೆ ಎಂಬುದನ್ನು ಈ ಲೆಕ್ಕ ಹೇಳಲಾರದು. ಅದಕ್ಕೆ ಬೇಕಾದುದು ನಮ್ಮ ಹಳೆಯ ಗೆಳೆಯ ದಿಕ್ಸೂಚಿಯೇ. ಡ್ರೋನಿನೊಳಗೆ ಸೂಜಿ ಇಲ್ಲ, ಭೂಮಿಯ ಕಾಂತಕ್ಷೇತ್ರವನ್ನು ಅಳೆಯುವ ಅಕ್ಕಿಕಾಳಿನಷ್ಟು ಚಿಕ್ಕ ಬಿಲ್ಲೆಯಿದೆ. ತತ್ತ್ವ ಮಾತ್ರ ಅದೇ.

ಅದೇ ತತ್ತ್ವವಾದುದರಿಂದ ಅದೇ ದೌರ್ಬಲ್ಯ ಕೂಡ. ಎಂಟನೆಯ ತರಗತಿಯಲ್ಲಿ ಕಾಂತತ್ವದ ಪಾಠ ಮಾಡುವಾಗ ನಾನೊಂದು ಆಟ ಆಡಿಸುತ್ತಿದ್ದೆ. ಮೇಜಿನ ನಡುವೆ ದಿಕ್ಸೂಚಿಯನ್ನಿಟ್ಟು, ಉತ್ತರ ಯಾವುದೆಂದು ಎಲ್ಲರೂ ಬರೆದುಕೊಂಡ ಮೇಲೆ, ಒಬ್ಬ ಹುಡುಗನ ಜ್ಯಾಮಿತಿ ಪೆಟ್ಟಿಗೆಯನ್ನು ಸದ್ದಿಲ್ಲದೆ ಅದರ ಪಕ್ಕಕ್ಕೆ ಸರಿಸುವುದು. ತಗಡಿನ ಆ ಪೆಟ್ಟಿಗೆಗೆ ನಮ್ಮ ಮಕ್ಕಳು ಕರೆಯುವ ಹೆಸರೇ "ಕಂಪಾಸ್ ಬಾಕ್ಸ್"! ಕಂಪಾಸ್ ಬಾಕ್ಸು ಬಂದೊಡನೆ ಕಂಪಾಸು ದಿಕ್ಕು ಬದಲಿಸುತ್ತಿತ್ತು. ತರಗತಿಗೆ ತರಗತಿಯೇ ನಕ್ಕು, ಆ ಪಾಠವನ್ನು ಯಾರೂ ಮರೆಯುತ್ತಿರಲಿಲ್ಲ. ಸೂಜಿಯ ತಪ್ಪೇನೂ ಇಲ್ಲ. ಭೂಮಿ ಎಂಬ ಮಹಾ ಅಯಸ್ಕಾಂತದ ಬಲ ಮೇಲ್ಮೈಯಲ್ಲಿ ಬಹಳ ಕ್ಷೀಣವಾದುದು, ನಮ್ಮ ಭಾಗದಲ್ಲಿ ಸುಮಾರು 0.4 ಗೌಸ್. ಆಟಿಕೆಯ ಅಯಸ್ಕಾಂತವೂ ಹತ್ತಿರದಲ್ಲಿ ಅದಕ್ಕಿಂತ ನೂರಾರು ಪಟ್ಟು ಬಲಶಾಲಿ. ಇಡೀ ಭೂಮಿಯ ಪಿಸುಮಾತನ್ನು ಆಲಿಸುತ್ತಿರುವ ಸೂಜಿಯ ಕಿವಿಯ ಬಳಿ ಒಂದು ಕಬ್ಬಿಣದ ತುಂಡು ಬಂದು ಕೂಗಿದರೆ ಅದು ಯಾರ ಮಾತನ್ನು ಕೇಳೀತು?

ಸಮಾಧಾನದ ಸಂಗತಿಯೂ ಒಂದಿದೆ. ಕಬ್ಬಿಣದ ತುಂಡಿನ ಈ ಪ್ರಭಾವ ದೂರ ಹೋದಂತೆಲ್ಲ ಅತಿ ಶೀಘ್ರವಾಗಿ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಪ್ರಭಾವ ಸುಮಾರು ಎಂಟನೆಯ ಒಂದು ಪಾಲಿಗಿಳಿಯುತ್ತದೆ. ಆದ್ದರಿಂದ ದಿಕ್ಸೂಚಿಯ ತೊಂದರೆ ಬಹುಮಟ್ಟಿಗೆ ಆಕಾಶದ ತೊಂದರೆಯಲ್ಲ, ನೆಲದ ತೊಂದರೆ. ಎಲ್ಲಿಂದ ಹಾರಿಸುತ್ತೀರಿ ಎಂಬುದರಲ್ಲಿಯೇ ಮುಕ್ಕಾಲು ಪಾಲು ಉತ್ತರವಿದೆ.

ಮಲೆನಾಡೆಂದರೆ ಹಸಿರು ಎಂದು ಪ್ರವಾಸಿಗರು ಬರೆಯುತ್ತಾರೆ. ಕಣ್ಣಿಟ್ಟು ನೋಡಿದರೆ ಇಲ್ಲಿ ಕಬ್ಬಿಣಕ್ಕೇನೂ ಕೊರತೆಯಿಲ್ಲ. ಕಾಫಿ ಒಣಗಿಸುವ ಸಿಮೆಂಟು ಕಣದ ಹೊಟ್ಟೆಯಲ್ಲಿ ಸರಳುಗಳಿರುತ್ತವೆ. ಪಲ್ಪರ್ ಮನೆಯ ಚಾವಣಿ ತಗಡಿನದು. ಗೇಟು, ಬೇಲಿ, ನೀರು ಸಿಂಪಡಿಸುವ ಕೊಳವೆ, ನಿಂತ ಜೀಪು ಇವೆಲ್ಲ ಒಂದೊಂದು ಕಂಪಾಸ್ ಬಾಕ್ಸೇ. ಇತ್ತೀಚೆಗೆ ಎತ್ತಿನಹೊಳೆ ಯೋಜನೆಯ ಉಕ್ಕಿನ ಕೊಳವೆಗಳೂ ಸೇರಿವೆ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆ ದೊರೆತ ಈ ಯೋಜನೆಗಾಗಿ ಸಕಲೇಶಪುರ ತಾಲ್ಲೂಕಿನ ಗುಡ್ಡಗಳಲ್ಲಿ ಮನುಷ್ಯ ನೆಟ್ಟಗೆ ನಿಂತು ನಡೆಯಬಹುದಾದಷ್ಟು ದಪ್ಪದ ಕೊಳವೆಗಳನ್ನು ಹೂಳಿದ್ದಾರೆ. ಮೇಲೆ ಹುಲ್ಲು ಬೆಳೆದರೆ ಅಲ್ಲೊಂದು ಕೊಳವೆಯಿದೆ ಎಂಬ ಗುರುತೂ ಉಳಿಯುವುದಿಲ್ಲ. ಇನ್ನು ಬಂಡೆಯೊಳಗಿನ ಕಬ್ಬಿಣ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆದದ್ದು ಮ್ಯಾಗ್ನಟೈಟ್ ಅದಿರನ್ನೇ, ಎಂದರೆ ಅಯಸ್ಕಾಂತಕ್ಕೆ ಅಂಟುವ ಕಲ್ಲನ್ನೇ. ನಮ್ಮದೇ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯ ಶಿಲೆಗಳಲ್ಲಿಯೂ ಮ್ಯಾಗ್ನಟೈಟ್ ಇದೆ. ಎಲ್ಲ ಗುಡ್ಡವೂ ಹಾಗಲ್ಲ, ಆದರೆ ನೆಲ ನೋಡದೆ ದಿಕ್ಸೂಚಿಯನ್ನು ನಂಬುವಂತಿಲ್ಲ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು 2024ರ ಡಿಸೆಂಬರಿನಲ್ಲಿ ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳಲು. ಹೆಗ್ಗದ್ದೆಯ ಕಡೆ ತೋಟವಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮನೆಗೆ ಎರಡು ದಿನದ ಮಟ್ಟಿಗೆ ಕರೆದೊಯ್ದಿದ್ದ. ಕಾಫಿ ಕುಯ್ಲಿನ ಕಾಲ. ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳಲ್ಲಿ ಕುಯ್ಲಿನ ಕಾಲವೆಂದರೆ ಆನೆಯ ಭಯದ ಕಾಲವೂ ಹೌದು. ಗಿಡಗಳ ಮಧ್ಯೆ ಬಗ್ಗಿ ಹಣ್ಣು ಬಿಡಿಸುತ್ತಿರುವವರಿಗೆ ಹತ್ತು ಮಾರು ದೂರದಲ್ಲಿ ನಿಂತ ಆನೆ ಕಾಣುವುದಿಲ್ಲ. ಆನೆ ಅಷ್ಟು ದೊಡ್ಡ ಪ್ರಾಣಿ, ಆದರೆ ಮಂಜಿನಲ್ಲಿ, ಸಿಲ್ವರ್ ಓಕ್ ಮರಗಳ ನಡುವೆ, ಬೂದು ಬಣ್ಣದ ಒಂದು ನೆರಳಿನಂತೆ ನಿಂತುಬಿಡುತ್ತದೆ. 2023ರ ಡಿಸೆಂಬರ್ 4ರಂದು ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನನೇ ಇದೇ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಹೋರಾಡುತ್ತ ಮಡಿದದ್ದನ್ನು ಓದುಗರು ಮರೆತಿರಲಾರರು. ಪಳಗಿದ ಆನೆಗೇ ಆ ಗತಿಯಾದರೆ ಹಣ್ಣಿನ ಚೀಲ ಹೊತ್ತ ಹೆಂಗಸಿನ ಪಾಡೇನು? ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಹೆಣ್ಣಾನೆಗಳಿಗೆ ತೊಡಿಸಿದ ರೇಡಿಯೋ ಕಾಲರಿನ ಮೂಲಕವೂ ಡ್ರೋನುಗಳ ಮೂಲಕವೂ ಹಿಂಡುಗಳ ಜಾಡು ಹಿಡಿದು ಮೊಬೈಲಿಗೆ ಎಚ್ಚರಿಕೆ ಕಳುಹಿಸುತ್ತಾರೆ. ಆದರೂ ಪ್ರತಿ ತೋಟಕ್ಕೂ ಪ್ರತಿ ಬೆಳಿಗ್ಗೆಯೂ ಅವರು ಬರಲಾದೀತೇ? ಹೀಗಾಗಿ ನನ್ನ ಶಿಷ್ಯ ಒಂದು ಹಳೆಯ ಡ್ರೋನನ್ನು ಕೊಂಡಿಟ್ಟುಕೊಂಡಿದ್ದ.

ಅಂದು ಬೆಳಿಗ್ಗೆ ಎಂಟರ ಸುಮಾರು. ಮಂಜು ಕಣಿವೆಯ ತಳಕ್ಕಿಳಿದು ಮೇಲೆ ಬಿಸಿಲು ಬಿದ್ದಿತ್ತು. ಲೈನು ಮನೆಗಳ ಮುಂದೆ ಕುಯ್ಲಿನವರು ಚೀಲ ಹಿಡಿದು ನಿಂತಿದ್ದರು. ಬೈನೆ ಮರ ಸೀಳಿದ ಸದ್ದು ಕೇಳಿತೆಂದು ಮೇಸ್ತ್ರಿ ಹೇಳಿದ್ದರಿಂದ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ. ಹುಲ್ಲಿನ ಮೇಲೆಲ್ಲ ಇಬ್ಬನಿ. ಯಂತ್ರ ನೆನೆದೀತೆಂದು ಶಿಷ್ಯ ಅದನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು ಹಾರಿಸಿದ. ಪರದೆಯ ಮೇಲೆ ಮೂಡಿದ ಹಳದಿ ಎಚ್ಚರಿಕೆಯನ್ನು ಹೆಬ್ಬೆರಳಿನಿಂದ ಸರಿಸಿದ್ದೂ ಆಯಿತು. ಅವಸರದಲ್ಲಿ ಯಾರಾದರೂ ಮಾಡುವ ಕೆಲಸವೇ ಅದು.

ಅರವತ್ತು ಮೀಟರ್ ಮೇಲೇರಿ ಮುಖ ತಿರುಗಿಸುತ್ತಿದ್ದಂತೆ ಪರದೆಯಲ್ಲಿ ಆನೆಗಳು ಕಂಡವು. ಮೂರು ದೊಡ್ಡವು, ಒಂದು ಮರಿ. "ತೆಂಕಕ್ಕಿವೆ ಸಾರ್, ಪಂಪ್‌ಹೌಸಿನ ಹತ್ತಿರ" ಎಂದ ಶಿಷ್ಯ, ನಕ್ಷೆಯ ಮೇಲಿನ ಬಾಣವನ್ನು ತೋರಿಸಿ. ಹಾಗಾದರೆ ಪಡುವಣದ ಹಳೆಯ ಬ್ಲಾಕಿನಲ್ಲಿ ಕುಯ್ಲು ಮಾಡಲು ಅಡ್ಡಿಯಿಲ್ಲ ಎಂದಾಯಿತು. ರೈಟರು ಆಳುಗಳಿಗೆ ಕೈಸನ್ನೆ ಮಾಡಲು ತಿರುಗಿದರು. ಮೇಸ್ತ್ರಿ ಅಲುಗಾಡಲಿಲ್ಲ.

"ಅಲ್ಲ ಗೌಡ್ರೇ, ಸಪ್ಳ ಬಂದಿದ್ದು ಹಳೆ ಬ್ಲಾಕಿಂದ."

"ಮಿಷನ್ನೇ ತೋರಿಸ್ತಿದೆಯಲ್ಲ ಮಾರಾಯ, ನೋಡು."

"ಮಿಷನ್ನು ಏನಾದ್ರೂ ತೋರಿಸ್ಲಿ. ನನ್ನ ಕಿವಿ ಕೆಟ್ಟಿಲ್ಲ."

ನನಗೆ ಆನೆಯ ಸದ್ದಿನ ಜ್ಞಾನವಿಲ್ಲ. ಆದರೆ ಪರದೆಯನ್ನು ನೋಡುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಚುಚ್ಚಿತು. ಸಿಲ್ವರ್ ಓಕ್ ಮರಗಳ ನೀಳವಾದ ನೆರಳುಗಳು ಚಿತ್ರದಲ್ಲಿ ನಮ್ಮಿಂದ ನೇರವಾಗಿ ಮುಂದಕ್ಕೆ ಚಾಚಿಕೊಂಡಿದ್ದವು. ಡಿಸೆಂಬರಿನ ಎಂಟು ಗಂಟೆಗೆ ಸೂರ್ಯನಿರುವುದು ಮೂಡಣದಲ್ಲಿ, ಸ್ವಲ್ಪ ತೆಂಕಕ್ಕೆ ವಾಲಿ. ನೆರಳು ಬೀಳುವುದು ಪಡುವಣಕ್ಕೆ. ಕ್ಯಾಮೆರಾ ನಿಜವಾಗಿಯೂ ತೆಂಕಣಕ್ಕೆ ಮುಖ ಮಾಡಿದ್ದರೆ ನೆರಳುಗಳು ಚಿತ್ರದ ಬಲಗಡೆಗೆ ಅಡ್ಡಲಾಗಿ ಬಿದ್ದಿರಬೇಕಿತ್ತು. ಮುಂದಕ್ಕೆ ಬಿದ್ದಿವೆ ಎಂದರೆ ನಾವು ನೋಡುತ್ತಿರುವುದು ಪಡುವಣ. ಬಾಣ ಕಾಲು ಸುತ್ತು ತಪ್ಪಿದೆ! ಆನೆಗಳಿರುವುದು ಹಳೆಯ ಬ್ಲಾಕಿನಲ್ಲಿಯೇ. ನಾನು ಅಷ್ಟು ಹೇಳುವಷ್ಟರಲ್ಲಿ ಶಿಷ್ಯನಿಗೆ ಹೊಳೆಯಿತು. ಹತ್ತನೆಯ ತರಗತಿಯಲ್ಲಿ ನೆರಳುಕೋಲಿನ ಪ್ರಯೋಗ ಮಾಡಿದವನೇ ಅವನು. ರೈಟರು ಆಳುಗಳನ್ನು ಹಿಂದಕ್ಕೆ ಕರೆದರು. ಮೇಸ್ತ್ರಿ ಏನೂ ಹೇಳಲಿಲ್ಲ, ಎಲೆಯಡಿಕೆಯ ಚೀಲ ಬಿಚ್ಚಿದ ಅಷ್ಟೆ.

ಆದುದಿಷ್ಟು. ಬಾನೆಟ್ಟಿನ ಉಕ್ಕಿನ ಮೇಲೆ ಕುಳಿತಿದ್ದಾಗ ದಿಕ್ಸೂಚಿ ತಪ್ಪು ಉತ್ತರವನ್ನು ತೋರಿಸಿದೆ. ಯಂತ್ರ ಅದನ್ನೇ ನಿಜವೆಂದು ಬಗೆದು, ಅಲ್ಲಿಂದಾಚೆಗೆ ತಾನು ಎಷ್ಟು ತಿರುಗಿದೆನೆಂಬುದನ್ನು ಒಳಗಿನ ಗೈರೋಸ್ಕೋಪಿನಿಂದ ಎಣಿಸುತ್ತ ಹೋಗಿದೆ. ಮೇಲೇರಿದ ಮೇಲೆ ದಿಕ್ಸೂಚಿ ಸರಿಹೋಯಿತು, ಆದರೆ ಆಗ ಎರಡು ಸಾಕ್ಷಿಗಳ ಮಾತು ಒಂದಕ್ಕೊಂದು ಹೊಂದದಾಯಿತು. ನ್ಯಾಯಾಧೀಶನ ಸ್ಥಾನದಲ್ಲಿರುವ ಗಣಕ ಸ್ವಲ್ಪ ಹೊತ್ತು ಮೊದಲ ಸಾಕ್ಷಿಯನ್ನೇ ಹಿಡಿದುಕೊಂಡಿತು.

ಇದರ ಇನ್ನೊಂದು ಲಕ್ಷಣವನ್ನು ನಾವು ಗಮನಿಸಿರಲಿಲ್ಲ, ಅಥವಾ ಆನೆಗಳ ಗಡಿಬಿಡಿಯಲ್ಲಿ ಗಮನ ಕೊಟ್ಟಿರಲಿಲ್ಲ. ಡ್ರೋನ್ ನಿಂತಲ್ಲಿ ನಿಲ್ಲದೆ ಗಾಣದ ಎತ್ತಿನಂತೆ ಮೆಲ್ಲಗೆ ಸುತ್ತು ಹಾಕುತ್ತಿತ್ತು. ಏಕೆ ಹೀಗಾಗುತ್ತದೆಂದರೆ: ಕಣ್ಣಿಗೆ ಬಟ್ಟೆ ಕಟ್ಟಿದ ಹುಡುಗನನ್ನು ಮಕ್ಕಳು "ಬಡಗಕ್ಕೆ ಎರಡು ಹೆಜ್ಜೆ" ಎಂದು ಕೂಗಿ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಕೂಗುವವರ ಮಾತು ಸರಿಯೇ. ಆದರೆ ಹುಡುಗ ಬಡಗವೆಂದು ತಿಳಿದಿರುವುದು ಮೂಡಣವನ್ನು. ಎರಡು ಹೆಜ್ಜೆ ತಪ್ಪು ಕಡೆಗೆ ಹೋಗುತ್ತಾನೆ. ಅವರು ಮತ್ತೆ ತಿದ್ದುತ್ತಾರೆ, ಅವನು ಮತ್ತೆ ಅಡ್ಡಕ್ಕೆ ಹೋಗುತ್ತಾನೆ. ಹೀಗೆ ತಿದ್ದಿದಂತೆಲ್ಲ ಅಡ್ಡಕ್ಕೆ ಸರಿಯುತ್ತ ಹೋದರೆ ಮೂಡುವುದು ಸುಳಿ. ಬಚ್ಚಲಿನ ತೂತಿಗೆ ಇಳಿಯುವ ನೀರಿನ ಸುಳಿ ಒಳಕ್ಕೆ ಸೆಳೆದರೆ ಈ ಸುಳಿ ಹೊರಕ್ಕೆ ಹಿಗ್ಗುತ್ತದೆ. ಜಿಪಿಎಸ್ ಎಷ್ಟೇ ನಿಖರವಾಗಿದ್ದರೂ ದಿಕ್ಕು ತಪ್ಪಿದ್ದರೆ ಆ ನಿಖರತೆಯೇ ಯಂತ್ರವನ್ನು ಓಡಿಸುತ್ತದೆ. ಡ್ರೋನ್ ಸುತ್ತತೊಡಗಿತೆಂದರೆ ಅದು ದಿಕ್ಸೂಚಿಯ ಕೂಗೆಂದೇ ತಿಳಿಯಬೇಕು.

ಮುಂದಿನ ಎರಡು ನಿಮಿಷ ನನ್ನ ಶಿಷ್ಯನ ಪರೀಕ್ಷೆ. ಗಣಕ ಕೊನೆಗೂ ಕೈಚೆಲ್ಲಿ, ದಿಕ್ಸೂಚಿಯ ದೋಷವೆಂದು ಘೋಷಿಸಿ, ಸ್ಥಾನ ಹಿಡಿದು ನಿಲ್ಲುವ ಕೆಲಸವನ್ನೇ ಬಿಟ್ಟುಬಿಟ್ಟಿತು. ಈ ಸ್ಥಿತಿಯಲ್ಲಿ ಯಂತ್ರ ಸಮತಲದಲ್ಲಿರುತ್ತದೆ, ಗಾಳಿಯ ಒತ್ತಡ ಅಳೆಯುವ ಸಾಧನದಿಂದ ಎತ್ತರವನ್ನೂ ಕಾಯ್ದುಕೊಳ್ಳುತ್ತದೆ. ಆದರೆ ಹಗ್ಗ ಬಿಚ್ಚಿದ ದೋಣಿಯಂತೆ ಗಾಳಿ ಬೀಸಿದತ್ತ ತೇಲುತ್ತದೆ. ಡಿಸೆಂಬರಿನ ಮೂಡುಗಾಳಿ ಅದನ್ನು ಘಟ್ಟದ ಕಮರಿಯ ಕಡೆಗೆ ಒಯ್ಯತೊಡಗಿತು. "ಮನೆಗೆ ಮರಳು" ಎಂಬ ಗುಂಡಿಯನ್ನು ಒತ್ತಿದರೆ ಸಾಲದೇ ಎಂದು ರೈಟರು ಕೇಳಿದರು. ಸಾಲದು. ಮನೆಯ ದಾರಿ ತಿಳಿಯಲು ಸ್ಥಾನವೂ ಬೇಕು, ದಿಕ್ಕೂ ಬೇಕು. ಎರಡರಲ್ಲೊಂದು ಕೆಟ್ಟಾಗ ಆ ಗುಂಡಿಯನ್ನು ನಂಬುವುದು ಅಪಾಯ.

ಹುಡುಗ ಗಾಬರಿಯಾಗಲಿಲ್ಲ. ಮೊದಲು ಪರದೆಯಿಂದ ಕಣ್ಣು ತೆಗೆದು ಯಂತ್ರವನ್ನೇ ನೋಡಿದ. ಗಾಳಿಗೆ ಎದುರಾಗಿ ಸ್ವಲ್ಪ ಒತ್ತಿ ಅದು ದೂರ ಸರಿಯುವುದನ್ನು ತಡೆದ. ಆಮೇಲೆ ಮುಂದಕ್ಕೆ ತುಸು ಒತ್ತಿ ಅದು ನಮ್ಮಿಂದ ಎತ್ತ ಸರಿಯುತ್ತದೆಂದು ಗಮನಿಸಿ, ಅದರ ಬಾಲ ನಮ್ಮ ಕಡೆಗೂ ಮೂಗು ಆಚೆಗೂ ಆಗುವಂತೆ ತಿರುಗಿಸಿದ. ಹಾಗೆ ಮಾಡಿದರೆ ಅದರ ಎಡ ನಮ್ಮ ಎಡವಾಗುತ್ತದೆ, ಬಲ ಬಲವಾಗುತ್ತದೆ. ಕೈ ತಪ್ಪುವ ಸಂಭವ ಕಡಿಮೆ. ಅನಂತರ ನೇರ ಹಿಂದಕ್ಕೆಳೆದುಕೊಂಡ. ಮರಗಳ ತಲೆ ದಾಟುವವರೆಗೆ ಎತ್ತರವನ್ನು ಇಳಿಸಲೇ ಇಲ್ಲ. ಕೊನೆಗೆ ಜೀಪಿನ ಹತ್ತಿರ ಅಲ್ಲ, ಗದ್ದೆಯ ಕೂಳೆಯ ಮೇಲೆ ಇಳಿಸಿದ. ಬ್ಯಾಟರಿಯಲ್ಲಿ ಇನ್ನೂ ಅರ್ಧ ಇತ್ತು. ಅವಸರದಿಂದ ಕೋಲುಗಳನ್ನು ಅತ್ತಿತ್ತ ಎಳೆದಾಡುವವರು ಯಂತ್ರವನ್ನು ಕಳೆದುಕೊಳ್ಳುವುದು ಇಂತಹ ಸಮಯದಲ್ಲಿಯೇ.

ಇಲ್ಲಿ ಒಂದು ಐತಿಹಾಸಿಕ ನೆನಪು ಬರುತ್ತದೆ. ಎರಡು ಶತಮಾನಗಳ ಹಿಂದೆ ವಿಲಿಯಂ ಲ್ಯಾಂಬ್ಟನ್ ಮೈಸೂರು ಸೀಮೆಯನ್ನು ದಾಟಿ ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ತ್ರಿಕೋನಗಳ ಸರಪಳಿಯನ್ನು ಹೆಣೆದಾಗ ಆತ ನೆಚ್ಚಿದ್ದು ದಿಕ್ಸೂಚಿಯನ್ನಲ್ಲ. ಒಂದು ಗುಡ್ಡದ ನೆತ್ತಿಯಿಂದ ಇನ್ನೊಂದು ಗುಡ್ಡದ ನೆತ್ತಿಯನ್ನು ಕಣ್ಣಿಟ್ಟು ನೋಡಿ ಕೋನ ಅಳೆಯುವ ಥಿಯೊಡೊಲೈಟನ್ನು. ಕಾಂತಸೂಜಿಯ ಚಾಂಚಲ್ಯ ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ಜಿಪಿಎಸ್ ಕೈಕೊಡುವ ಬಗೆ. ಇದರ ಅನುಭವ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ರೈಲಿನಲ್ಲಿ ಹೋದವರಿಗೆಲ್ಲ ಇದೆ. 55 ಕಿಲೋಮೀಟರಿನ ಆ ದಾರಿಯಲ್ಲಿ 57 ಸುರಂಗಗಳಿವೆ. ಸುರಂಗ ಹೊಕ್ಕೊಡನೆ ಮೊಬೈಲಿನ ನಕ್ಷೆಯ ನೀಲಿ ಚುಕ್ಕಿ ನಿಂತಲ್ಲೇ ನಿಲ್ಲುತ್ತದೆ, ಹೊರಬಂದ ಮೇಲೆ ದಡಬಡಿಸಿ ಓಡುತ್ತದೆ. ಉಪಗ್ರಹದ ಸಂಕೇತ ನೆಲ ಮುಟ್ಟುವಾಗ ಒಂದು ವ್ಯಾಟಿನ ಕೋಟಿ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕ್ಷೀಣವಾಗಿರುತ್ತದೆ. ಬಂಡೆಯಿರಲಿ, ಮಳೆಯಲ್ಲಿ ತೊಯ್ದ ಎಲೆಗಳ ದಟ್ಟಣೆಯೂ ಅದಕ್ಕೆ ಅಡ್ಡಿಯೇ. ಕಣಿವೆಯಲ್ಲಿ ಮತ್ತೊಂದು ತೊಡಕಿದೆ. ಆಗಲೇ ಹೇಳಿದೆನಲ್ಲ, ಹೆಗ್ಗದ್ದೆಯಂತಹ ಕಡೆ ಕಾಣುವುದು ಪಟ್ಟಿ ಆಕಾಶ. ದಿಗಂತದ ಬಳಿಯ ಉಪಗ್ರಹಗಳೆಲ್ಲ ಗುಡ್ಡದ ಮರೆಯಲ್ಲಿರುತ್ತವೆ. ನೆತ್ತಿಯ ಮೇಲೆ ಒತ್ತೊತ್ತಾಗಿರುವ ಉಪಗ್ರಹಗಳಿಂದ ಮಾಡಿದ ಲೆಕ್ಕ ನಾಲ್ಕೂ ಕಡೆ ಹರಡಿರುವವುಗಳ ಲೆಕ್ಕದಷ್ಟು ನಿಖರವಾಗಿರದು. ಜೊತೆಗೆ ಕಲ್ಲುಬಂಡೆಯ ಮೈಗೆ ತಗುಲಿ ತಿರುಗಿಬಂದ ಸಂಕೇತ ನೇರ ಬಂದುದಕ್ಕಿಂತ ತಡವಾಗಿ ಬಂದು ದೂರವನ್ನು ಹೆಚ್ಚಿಸಿ ತೋರಿಸುತ್ತದೆ. ಗುಡ್ಡಕ್ಕೆ ಮುಖ ಮಾಡಿ ಕೂಗಿದ ಮಾತು ಮಾರ್ದನಿಯಾಗಿ ಬಂದಂತೆ.

ಆಕಾಶವೇ ಮುನಿಯುವುದೂ ಉಂಟು. ದಕ್ಷಿಣ ಭಾರತ ಭೂಕಾಂತೀಯ ಸಮಭಾಜಕಕ್ಕೆ ಹತ್ತಿರವಿದೆ. ಆ ಕಾರಣಕ್ಕಾಗಿಯೇ ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಹಳ್ಳಿಯನ್ನು ಆಯ್ದು 1963ರ ನವೆಂಬರ್ 21ರಂದು ಅಲ್ಲಿಂದ ನಮ್ಮ ನೆಲದ ಮೊದಲ ರಾಕೆಟ್ಟನ್ನು ಹಾರಿಸಿದ್ದು. ಈ ವಲಯದ ಮೇಲಿನ ಅಯಾನುಗೋಳ ಸಂಜೆಯ ಹೊತ್ತಿನಲ್ಲಿ ಕದಡಿಹೋಗುವುದುಂಟು. ಆಗ ಉಪಗ್ರಹದ ಸಂಕೇತ ನಕ್ಷತ್ರದಂತೆ ಮಿನುಗುತ್ತದೆ, ಕೆಲವೊಮ್ಮೆ ಕಳೆದೂ ಹೋಗುತ್ತದೆ. ಸೂರ್ಯನಲ್ಲಿ ಚಂಡಮಾರುತವೆದ್ದಾಗಲಂತೂ ಹೇಳುವುದೇ ಬೇಡ. 2024ರ ಮೇ 10 ಮತ್ತು 11ರಂದು ಎದ್ದ ಭೂಕಾಂತೀಯ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಚಿತ್ರಗಳನ್ನು ನೀವು ಪತ್ರಿಕೆಗಳಲ್ಲಿ ನೋಡಿರಬಹುದು. ಅಂತಹ ದಿನ ಡ್ರೋನನ್ನು ಪೆಟ್ಟಿಗೆಯಲ್ಲಿಟ್ಟರೆ ನಷ್ಟವಿಲ್ಲ.

ನಮ್ಮ ಜಿಲ್ಲೆಯವರಿಗೆ ಉಪಗ್ರಹ ಹೊಸದೇನಲ್ಲ ಎಂಬುದನ್ನೂ ಅಭಿಮಾನದಿಂದ ಹೇಳಬೇಕು. ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲಿದೆ. ಭಾರತದ ಸ್ವಂತ ಪಥದರ್ಶಕ ವ್ಯವಸ್ಥೆಯಾದ ನಾವಿಕ್ 2013ರಲ್ಲಿ ಮೊದಲ ಉಪಗ್ರಹವನ್ನು ಕಂಡಿತು. ಅದರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಮ್ಮ ಭೂಭಾಗದ ಮೇಲೆಯೇ ಇರುವಂತೆ ಯೋಜಿಸಿದವು. ಕಣಿವೆಯವರಿಗೆ ಇದರಿಂದ ಅನುಕೂಲವಾಗಬೇಕಿತ್ತು. ಮೊದಲ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು ಕೆಟ್ಟವು, 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಉದ್ದೇಶಿತ ಕಕ್ಷೆ ತಲುಪಲಿಲ್ಲ. ಗಡಿಯಾರ ಕೆಟ್ಟರೆ ಉಪಗ್ರಹ ಆಕಾಶದಲ್ಲಿದ್ದೂ ದಾರಿ ಹೇಳಲಾರದು. ಇದು ನನಗೆ ಬೇಸರದ ವಿಷಯ, ಆದರೂ ನಮ್ಮವರು ಕೈಬಿಡಲಾರರೆಂಬ ನಂಬಿಕೆಯಿದೆ.

ಆ ಘಟನೆಯ ಮರುದಿನ ನಾವಿಬ್ಬರೂ ಕುಳಿತು ಮಾಡಿಕೊಂಡ ಕ್ರಮ ಬಹಳ ಸರಳವಾದುದು. ಗದ್ದೆಯ ನಡುವೆ ಮರದ ಹಲಗೆ, ಮೊಳೆಯಿಲ್ಲದ್ದು. ಜೀಪು, ತಗಡು, ಕಣ ಯಾವುದೂ ಇಪ್ಪತ್ತು ಹೆಜ್ಜೆಯೊಳಗಿರಬಾರದು. ದಿಕ್ಸೂಚಿಯನ್ನು ಹೊಂದಿಸಬೇಕಾಗಿ ಬಂದಾಗ ಅಲ್ಲಿಯೇ ನಿಂತು ಯಂತ್ರವನ್ನು ಒಮ್ಮೆ ಅಡ್ಡಲಾಗಿ, ಒಮ್ಮೆ ಮೂಗು ಕೆಳಗಾಗಿ ಪೂರ್ತಿ ಸುತ್ತು ತಿರುಗಿಸುವುದು. ಆ ಹೊತ್ತಿನಲ್ಲಿ ಸೊಂಟದ ಕೀಲಿಗೊಂಚಲು, ಜೇಬಿನ ಮೊಬೈಲು, ಕೈಗಡಿಯಾರ ಬೇರೆಯವರ ಕೈಯಲ್ಲಿರಬೇಕು. ಕೆಲವರು ಇದನ್ನು ದಿನವೂ ಪೂಜೆಯಂತೆ ಮಾಡುತ್ತಾರೆ, ಅದು ಬೇಕಿಲ್ಲ. ಕೆಟ್ಟ ಜಾಗದಲ್ಲಿ ಹೊಂದಿಸಿದರೆ ಸರಿಯಿದ್ದುದೂ ಕೆಡುತ್ತದೆ. ಯಂತ್ರ ಕೇಳಿದಾಗ ಅಥವಾ ದೂರದ ಊರಿಗೆ ಒಯ್ದಾಗ ಮಾಡಿದರೆ ಸಾಕು. ಉಪಗ್ರಹಗಳು ಸಾಕಷ್ಟು ಕೂಡಿ, ಹಾರಿದ ಜಾಗ ದಾಖಲಾಯಿತೆಂದು ಯಂತ್ರ ಹೇಳುವವರೆಗೆ ಕಾಯುವುದು. ಮರಳುವ ಎತ್ತರವನ್ನು ತೋಟದ ಅತಿ ಎತ್ತರದ ಮರಕ್ಕಿಂತಲೂ, ಸುತ್ತಣ ಗುಡ್ಡದ ಏರಿಗಿಂತಲೂ ಮೇಲಿಡುವುದು, ಕಾನೂನಿನ 120 ಮೀಟರ್ ಮಿತಿಯನ್ನು ಮೀರದೆ. ಗುಡ್ಡ ಅದಕ್ಕಿಂತ ಎತ್ತರವಿದ್ದರೆ ಆ ಕಡೆಗೆ ಹಾರಿಸದಿರುವುದು. ಕಾಡಿನ ಮೇಲೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಾರಿಸುವಂತಿಲ್ಲ ಎಂಬುದನ್ನೂ ಹೇಳಿದೆ. ಹಿಂಡಿನ ತಲೆಯ ಮೇಲೆ ಗುಂಯ್‌ಗುಟ್ಟುತ್ತ ಹೋದರೆ ಆನೆಗಳು ಬೆದರಿ ಜನರಿರುವ ಕಡೆಗೇ ನುಗ್ಗಬಹುದು. ಟಾಂಜಾನಿಯಾದಲ್ಲಿ ಹೊಲಕ್ಕಿಳಿದ ಆನೆಗಳನ್ನು ಡ್ರೋನಿನಿಂದಲೇ ಹಿಂದಟ್ಟುವ ಪ್ರಯೋಗ ನಡೆದಿದೆ. ಅವು ಅಷ್ಟು ಅಂಜುತ್ತವೆ.

ಹಾರುವ ಮುನ್ನ ಇನ್ನೊಂದು ಪರೀಕ್ಷೆಯಿದೆ. ನೆಲದ ಮೇಲಿರುವಾಗಲೇ ಯಂತ್ರದ ಮೂಗನ್ನು ಎಲ್ಲರಿಗೂ ಗೊತ್ತಿರುವ ಒಂದು ಗುರುತಿಗೆ, ಎಂದರೆ ಪಡುವಣದ ಬೋಳುಗುಡ್ಡಕ್ಕೆ, ನೇರವಾಗಿ ಹಿಡಿದು, ನಕ್ಷೆಯ ಬಾಣವೂ ಆ ಗುಡ್ಡವನ್ನೇ ತೋರಿಸುತ್ತಿದೆಯೇ ಎಂದು ನೋಡುವುದು. ಅರ್ಧ ನಿಮಿಷದ ಕೆಲಸ. ಬಾಣ ಬೇರೆಡೆ ನೋಡುತ್ತಿದ್ದರೆ ಅಂದು ಹಾರಾಟವಿಲ್ಲ. ಭೂಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರ ನಮ್ಮ ಸೀಮೆಯಲ್ಲಿ ಒಂದೆರಡು ಡಿಗ್ರಿ ಮಾತ್ರ, ಅದರಿಂದ ತೊಂದರೆಯಿಲ್ಲ.

ಈ ಪರೀಕ್ಷೆಯನ್ನು ಈಗ ಮಾಡುವುದು ಶಿಷ್ಯನಲ್ಲ, ಮೇಸ್ತ್ರಿ. ಹಲಗೆಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ಗುಡ್ಡವನ್ನೂ ಪರದೆಯನ್ನೂ ನೋಡಿ "ಹಾಂ, ಬಿಡಿ ಗೌಡ್ರೇ" ಎಂದ ಮೇಲೆಯೇ ಯಂತ್ರ ಮೇಲೇಳುತ್ತದಂತೆ. ಮಂಜು ಕವಿದು ಗುಡ್ಡ ಕಾಣದಿದ್ದ ದಿನ ಅವನು "ಬ್ಯಾಡ" ಎನ್ನುತ್ತಾನೆ. ಆ ದಿನ ಬಿಸಿಲೇರುವವರೆಗೆ ಕುಯ್ಲಿಲ್ಲ.